ಎರವಲು ವಾಕರಿಕೆ

ನಮ್ಮೂರಿನಲ್ಲಿ ಬಸುರಿಯರಿಗೆ ವಾಕರಿಕೆ ಬರುವುದಿಲ್ಲ. ಬೇರೆ ಯಾರಿಗೋ ಬರುತ್ತದೆ. ಹೆಣ್ಣಿಗೂ ಬರಬಹುದು, ಗಂಡಿಗೂ ಬರಬಹುದು. ಹಲ್ಲುದುರಿದ ಮುದುಕನಿಗೂ ಬರಬಹುದು, ಆಗಷ್ಟೇ ಹಸೆಮಣೆ ಏರಿದ ಮದುವೆ ಗಂಡಿಗೂ ಬರಬಹುದು. ಗರಡಿಮನೆಯ ಉಸ್ತಾದರೊಬ್ಬರು ಕುಸ್ತಿಯ ನಡುವೆ ಎದುರಾಳಿ ಮೈಗೆ ಹಚ್ಚಿಕೊಂಡಿದ್ದ ಎಣ್ಣೆಯ ವಾಸನೆ ತಡೆಯಲಾರದೆ ಕಣ ಬಿಟ್ಟು ಓಡಿ, ಬೇಲಿಯ ಪಕ್ಕ ಕೂತು ವಾಂತಿ ಮಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸೋತೆನೆಂದು ಅವರೇನೂ ನಾಚಿಕೊಳ್ಳಲಿಲ್ಲ. ಬಾಯಿ ಒರೆಸಿಕೊಂಡು ಎದ್ದು, "ಯಾರದ್ರಪ್ಪಾ ಇದು?" ಎಂದು ನಗುತ್ತಾ ಕೇಳಿದರು. ಜನ ಗೆದ್ದವನನ್ನು ಬಿಟ್ಟು ಅವರನ್ನೇ ಹೊತ್ತು ಕುಣಿದರು.

ಇದಕ್ಕೆ ನಾವು ಎರವಲು ಅನ್ನುತ್ತೇವೆ. ಇಂಥವರಿಗೆ ಎರವಲು ಬಂದಿದೆಯಂತೆ ಅಂದರೆ ಊರಲ್ಲಿ ಯಾವಳೋ ಬಸುರಾಗಿದ್ದಾಳೆ ಎಂದು ಅರ್ಥ. ಬಸುರಾದವಳಿಗೆ ಮಾತ್ರ ಏನೂ ಗೊತ್ತಿರುವುದಿಲ್ಲ. ತಿಂದದ್ದು ಅರಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಅವಳ ಪಾಡಿಗೆ ಅವಳು ಮುಸುರೆ ತಿಕ್ಕಿಕೊಂಡು ಹಾಯಾಗಿರುತ್ತಾಳೆ. ಮುಟ್ಟು ನಿಂತಾಗಲಾದರೂ ತಿಳಿಯುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಅದಕ್ಕೆ ನಮ್ಮ ಸೂಲಗಿತ್ತಿ ಹೊಂಬಾಳಮ್ಮ, "ನಮ್ಮೂರ್ ಹೆಂಗಸ್ರ ಮುಟ್ಟು ನಮ್ಮೂರ್ ಬಸ್ಸಿದ್ದಂಗೆ ಕಣಪ್ಪ, ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಅದನ್ನ ನಂಬ್ಕೊಂಡು ಯಾರಾದ್ರೂ ಕಾಯ್ತಾರಾ?" ಎಂದು ಬಾಯಿ ಮುಚ್ಚಿಸುತ್ತಾಳೆ.

ಎರವಲು ಬಂದವರನ್ನು ಮನೆಮನೆಗೂ ಕರೆದುಕೊಂಡು ಹೋಗಿ ಯಾರದೆಂದು ಹುಡುಕುವುದು ಪದ್ಧತಿ. ಅದರ ಯಜಮಾನಿಕೆಯೆಲ್ಲ ಹೊಂಬಾಳಮ್ಮನದೇ. ಮುಂದೆ ಕುಂಕುಮದ ಬಟ್ಟಲು ಹಿಡಿದ ಅವಳು, ಅವಳ ಹಿಂದೆ ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡ ಎರವಲಿನವರು, ಅವರ ಹಿಂದೆ ಕೆಲಸವಿಲ್ಲದವರೆಲ್ಲ. ಬಸುರಿ ಕೈಗೆಟುಕುವಷ್ಟು ಹತ್ತಿರ ಬಂದರೆ ಸಾಕು, ಎರವಲಿನವರ ಹೊಟ್ಟೆ ತೊಳಸುವುದು ಥಟ್ಟನೆ ನಿಂತುಬಿಡುತ್ತದೆ. ಅವಳು ದೂರ ಸರಿದರೆ ಮತ್ತೆ ಶುರು. ಹಾಗೆ ಎಲ್ಲಿ ನಿಂತಿತೋ ಅಲ್ಲಿ ಹೊಂಬಾಳಮ್ಮ ಕುಂಕುಮ ಇಡುತ್ತಾಳೆ. ಆಮೇಲೆ ಬೀದಿಯ ಗದ್ದಲ ಕೇಳಬೇಡಿ. ಮೂರು ತಿಂಗಳು ತುಂಬಿದ ಮೇಲೆ ವಾಕರಿಕೆ ತಾನಾಗಿಯೇ ಬಿಟ್ಟುಹೋಗುತ್ತದೆ, ಅಲ್ಲಿಂದಾಚೆಗಿನದೆಲ್ಲ ತಾಯಿಯದೇ. ಮೊದಲ ಮಿಸುಕಾಟ ಅವಳಿಗೊಬ್ಬಳಿಗೇ ತಿಳಿಯುವುದು. ಮೂರು ತಿಂಗಳಿಗೆ ಮುಂಚೆಯೇ ಬಿಟ್ಟುಹೋದರೆ ಬಸುರು ನಿಲ್ಲಲಿಲ್ಲ ಎಂದು ಅರ್ಥ. ಆಗ ಊರು ದನಿ ತಗ್ಗಿಸಿ ಮಾತಾಡುತ್ತದೆ.

ನನಗೆ ಈ ಜನ್ಮದಲ್ಲಿ ಎರವಲು ಬರುವ ಯೋಗವಿಲ್ಲ ಎಂದೇ ತಿಳಿದಿದ್ದೆ. ಅರವತ್ತು ಹತ್ತಿರ ಬಂದಿತ್ತು. ಪಕ್ಕದ ಮನೆಯ ಕಂಪೌಂಡರನಿಗೆ ಎರಡು ಸಲ ಬಂದಿತ್ತು; ನಾಮಕರಣದಲ್ಲಿ ಎರವಲಿನವರಿಗೆ ಮೊದಲ ಎಲೆ, ಮಗು ಬೆಳೆದು 'ಎರವಲಪ್ಪ' ಎಂದು ಕರೆಯುವುದು, ಇದನ್ನೆಲ್ಲ ಅವನು ಕೊಚ್ಚಿಕೊಳ್ಳುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ನಾನು ಚನ್ನಿಗಪ್ಪ, ನಗಾರಿ ಬೀದಿಯಲ್ಲಿ ಕಾಫಿಪುಡಿ ಅಂಗಡಿ ಇಟ್ಟವನು. ಬೀಜ ಹುರಿಯುವಾಗ ಹೊಗೆಯ ವಾಸನೆ ನೋಡಿ ಇಳಿಸುವ ಹೊತ್ತು ಹೇಳುತ್ತೇನೆ. ನನ್ನ ಬಂಡವಾಳವೆಲ್ಲ ನನ್ನ ಮೂಗು. ಒಂದು ಬೆಳಿಗ್ಗೆ ಆ ಮೂಗೇ ನನಗೆ ತಿರುಗಿಬಿತ್ತು.

ಪೀಬೆರಿ ಅನ್ನುವ ಗುಂಡು ಕಾಫಿಬೀಜ ಹುರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಹೊಗೆ ಗಂಟಲಿಗೆ ಹತ್ತಿದಂತಾಯಿತು. ಕಾಫಿಯ ವಾಸನೆ ಸುಟ್ಟ ಚಪ್ಪಲಿಯ ವಾಸನೆಯಾಗಿ, ಬಾಯಲ್ಲಿ ತಾಮ್ರದ ಚೊಂಬು ಕಚ್ಚಿ ಹಿಡಿದ ಹಾಗೆ ಒಗರು. ಹುರಿಯುವ ಡ್ರಮ್ಮಿನ ಹಿಡಿ ಬಿಟ್ಟು ಹಿತ್ತಿಲಿಗೆ ಓಡಿದೆ. ನನ್ನ ಹೆಂಡತಿ ದೇವೀರಮ್ಮ ಬಟ್ಟೆ ಹಿಂಡುತ್ತಿದ್ದವಳು ತಿರುಗಿ ನೋಡಿದಳು. ನಾನು ಕಕ್ಕಿ ಮುಗಿಸಿದ ಮೇಲೆ ಒದ್ದೆ ಸೆರಗಿನಲ್ಲೇ ನನ್ನ ಮುಖ ಒರೆಸಿದಳು.

"ರಾತ್ರಿ ಉಪ್ಪಿಟ್ಟು ಜಾಸ್ತಿ ತಿಂದ್ರಾ?"

"ಇಲ್ಲ ಕಣೆ. ಕಾಫಿ ವಾಸ್ನೆ ಆಗ್ತಿಲ್ಲ."

"ನಿಮಗೆ? ಕಾಫಿ ವಾಸ್ನೆ?" ಅವಳು ಕಣ್ಣರಳಿಸಿದಳು. ಆಮೇಲೆ ಅವಳ ತುಟಿಯ ತುದಿಯಲ್ಲಿ ನಗು ಕಾಣಿಸಿತು. "ನಿನ್ನೆ ಮಧ್ಯಾಹ್ನ ತೂಕದ ಬಟ್ಟು ಕೈಯಲ್ಲಿ ಹಿಡ್ಕೊಂಡೇ ನಿದ್ದೆ ಹೋಗಿದ್ರಿ. ಮೊನ್ನೆ ಯಾವುದೋ ಕತ್ತೆ ಒಂಟಿಯಾಗಿ ನಿಂತಿದೆ ಅಂತ ಕಣ್ಣೀರು ಹಾಕಿದ್ರಿ. ನಾನು ವಯಸ್ಸಾಯ್ತು ಅಂದ್ಕೊಂಡಿದ್ದೆ. ರೀ, ಇದು ಎರವಲು ಕಣ್ರೀ! ಯಾರದ್ರೀ?"

ಆಗ ನನಗಾದ ಸಂತೋಷ ಏನು ಹೇಳಲಿ. ಸ್ನಾನ ಮಾಡಿ, ಮಡಿಸಿಟ್ಟಿದ್ದ ಬಿಳಿ ಶರ್ಟು ಹಾಕಿ, ಹೊಂಬಾಳಮ್ಮನ ಮನೆಗೆ ಹೊರಟೆ. ಕಂಪೌಂಡರನ ಮನೆಯ ಮುಂದೆ ಹಾದುಹೋಗುವ ದಾರಿಯನ್ನೇ ಆರಿಸಿಕೊಂಡಿದ್ದೆ. ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು ಅವನ ಜಗಲಿಯ ಮುಂದೆ ಸ್ವಲ್ಪ ನಿಧಾನವಾಗಿ ನಡೆಯಬೇಕೆಂದಿದ್ದೆ. ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ವನಜಾಕ್ಷಿ ಎದುರಾದಳು. ಬೀದಿಯ ಆ ತುದಿಯಲ್ಲಿ ಹಾಸಿಗೆ ಹೊಲಿಯುವ ಶಿವಲಿಂಗುವಿನ ಹೆಂಡತಿ. ದೇವೀರಮ್ಮ ಹತ್ತಿ ತುಂಬಲು ಕೊಟ್ಟಿದ್ದ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. "ಮಾವ, ತಗೊಳ್ಳಿ" ಎಂದು ದಿಂಬು ಚಾಚಿದಳು. ನಾನು ಕೈ ನೀಡಿದೆ.

ಹೊಟ್ಟೆ ತಣ್ಣಗಾಯಿತು. ಒಳಗಿನಿಂದ ಪೀಬೆರಿಯ ಪರಿಮಳ ಹಿಂದಿನ ಹಾಗೆಯೇ ಘಮ್ಮೆಂದು ಬಂತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ನನಗೆ ಹುಡುಕುವ ಮೊದಲೇ ಸಿಕ್ಕಿಬಿಟ್ಟಿತ್ತು. ಬೇರೆ ಯಾರಾಗಿದ್ದರೂ ಅಲ್ಲೇ ಕೂಗಿಬಿಡುತ್ತಿದ್ದೆ. ಇವಳಾದ್ದರಿಂದ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ಹೋಗುವವರೆಗೂ ದಿಂಬನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಆಮೇಲೆ ಒಳಗೆ ಬಂದು ಬಿಳಿ ಶರ್ಟು ಬಿಚ್ಚಿದೆ.

ವನಜಾಕ್ಷಿಗೆ ಹಿಂದೆ ಎರಡು ಸಲ ಹೀಗಾಗಿ ಎರಡು ಸಲವೂ ನಿಂತಿರಲಿಲ್ಲ. ಮೊದಲ ಸಲ ಎರವಲು ಬಂದದ್ದು ಟೈಲರ್ ಒಬ್ಬನಿಗೆ. ಎರಡನೆಯ ಸಲ ನನ್ನ ದೇವೀರಿಗೇ. ಅವಳು ಅದನ್ನು ಮೆರವಣಿಗೆಯಲ್ಲಿ ಹೋಗಿ ಹುಡುಕಿ, ವನಜಾಕ್ಷಿಯ ಹಣೆಗೆ ಕುಂಕುಮ ಇಡಿಸಿ, ಬೀದಿಗೆಲ್ಲ ಪುರಿಯುಂಡೆ ಹಂಚಿದ್ದಳು. ಒಂದಷ್ಟು ದಿನ ಕಳೆದಿರಬೇಕು, ಒಂದು ಬೆಳಿಗ್ಗೆ ದೇವೀರಿ ಹಸಿವು ಹಸಿವು ಎನ್ನುತ್ತಾ ಎದ್ದು, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿಂದಳು. ಇನ್ನೊಂದನ್ನೂ ತಿಂದಳು. ಬಾಯಲ್ಲಿ ತುತ್ತು ಇರುವಾಗಲೇ ಅವಳಿಗೆ ಅದೇನೆಂದು ಹೊಳೆದದ್ದು. ತಟ್ಟೆ ಅಲ್ಲೇ ಬಿಟ್ಟು ತಾನೇ ಹೋಗಿ ವನಜಾಕ್ಷಿಗೆ ಹೇಳಿಬಂದಳು. ಈಗಲೂ ನಮ್ಮ ಮನೆಯಲ್ಲಿ ರೊಟ್ಟಿಗೆ ಬೆಣ್ಣೆ ಹಚ್ಚುವುದಿಲ್ಲ.

ಆಮೇಲೆ ಒಂದು ದಿನ ವನಜಾಕ್ಷಿ ನಲ್ಲಿಯ ಹತ್ತಿರ ಕೊಡ ಕೆಳಗಿಟ್ಟು, ನೀರಿಗೆ ನಿಂತವರೆಲ್ಲರ ಮುಂದೆ ಹೇಳಿದ್ದಳು: "ಇನ್ಮೇಲೆ ನನ್ನ ಬಾಗಿಲಿಗೆ ಯಾರನ್ನೂ ಕರ್ಕೊಂಡ್ ಬರಬೇಡಿ. ಇದ್ರೂ ಹೇಳಬೇಡಿ, ಇಲ್ದಿದ್ರೂ ಹೇಳಬೇಡಿ. ಊರೆಲ್ಲ ನಕ್ಕು, ಆಮೇಲೆ ಊರೆಲ್ಲ ಸುಮ್ನಾಗೋದನ್ನ ಮೂರನೇ ಸಲ ನೋಡಕ್ಕೆ ನನ್ನ ಕೈಲಾಗಲ್ಲ." ಅಂದಿನಿಂದ ಮೆರವಣಿಗೆ ಅವಳ ಮನೆಯ ಮುಂದೆ ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು.

ನಾನು ಹೇಳಿದ್ದನ್ನು ಕೇಳಿ ದೇವೀರಿ ಆ ಹೊಸ ದಿಂಬಿನ ಮೇಲೇ ಕೂತುಬಿಟ್ಟಳು. ಆಮೇಲೆ, "ನಿಮಗೆ ಪಿತ್ತ" ಅಂದಳು.

"ಅಂದ್ರೆ?"

"ಯಾರು ಕೇಳಿದ್ರೂ ಪಿತ್ತ ಅನ್ನಿ. ಅಷ್ಟೇ."

ಹೀಗೆ ನನಗೆ ಜನ್ಮಕ್ಕೊಮ್ಮೆ ಬಂದ ಎರವಲು ಪಿತ್ತವಾಯಿತು. ನಾನು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ನಿಂಬೆಹಣ್ಣು ಮೂಸುತ್ತಾ ಕೂತೆ. ಒಳಗೆ ಹುರಿಯುವುದು, ಪುಡಿ ಮಾಡುವುದು ಎಲ್ಲ ದೇವೀರಿ. ಅವಳು ಬೀಜವನ್ನು ನನಗಿಂತ ಒಂದು ಹದ ಹೆಚ್ಚಾಗಿಯೇ ಹುರಿಯುತ್ತಿದ್ದಳು. ಜನ ಬಂದು, "ಏನ್ ಚನ್ನಿಗಪ್ಪ, ಈಚೆಗೆ ಪುಡಿ ಬಲು ಸೊಗಸಾಗಿದೆಯಲ್ಲ, ಇಷ್ಟು ವರ್ಷ ಏನು ಮಾಡ್ತಿದ್ದೆ?" ಎಂದು ಕೇಳುವರು. ಹೊಟ್ಟೆಯಲ್ಲಿ ಮೊದಲೇ ಸಂಕಟ, ಅದರ ಮೇಲೆ ಈ ಉರಿ. ದೇವೀರಿ ಒಳಗಿನಿಂದಲೇ ಮಿಲ್ಲಿನ ಸದ್ದು ಜೋರು ಮಾಡುವಳು, ಅವಳು ನಕ್ಕದ್ದು ನನಗೆ ಕೇಳಬಾರದೆಂದು.

ಹೊಂಬಾಳಮ್ಮ ಬಾರದೆ ಇರುತ್ತಾಳೆಯೇ? ಬಂದಳು. ನಮ್ಮ ಹೆಣ್ಣುಮಕ್ಕಳಿಬ್ಬರನ್ನೂ ಭೂಮಿಗೆ ತಂದವಳು. ಅವಳ ಮುಂದೆ ನಿಂತರೆ ಇಂದಿಗೂ ನನಗೆ ತಪ್ಪು ಮಾಡಿದವನ ಹಾಗೆ ಅನ್ನಿಸುತ್ತದೆ. ನನ್ನ ಕೈಯ ನಿಂಬೆಹಣ್ಣು ನೋಡಿದಳು, ನನ್ನ ಮುಖ ನೋಡಿದಳು, ಕಟ್ಟೆಯ ಪಕ್ಕದ ಚರಂಡಿಯನ್ನೂ ಇಣುಕಿದಳು.

"ಏನಪ್ಪಾ ಚನ್ನಿಗಪ್ಪ, ಕಾಫಿ ಮಾರೋನು ಕಾಫಿ ಗಾಳಿಗೆ ಮೂಗು ಮುಚ್ಕೊಂಡ್ ಕೂತಿದೀಯಲ್ಲ?"

"ಎರವಲಲ್ಲ ಹೊಂಬಾಳಮ್ಮಾ, ಪಿತ್ತ!" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವಳು ಎರವಲು ಅನ್ನುವ ಮಾತನ್ನು ಎತ್ತಿಯೇ ಇರಲಿಲ್ಲ.

ದೇವೀರಿ ಓಡಿಬಂದಳು. "ಪಿತ್ತ ಕಣಮ್ಮ. ಶುಂಠಿ ಕಷಾಯ ಕೊಡ್ತಾ ಇದೀನಿ." ಹೊಂಬಾಳಮ್ಮ ಅವಳನ್ನು ಒಂದು ಗಳಿಗೆ ನೋಡಿದಳು. ದೇವೀರಿಯ ಕಣ್ಣು ತುಂಬಿತ್ತು. "ಪಿತ್ತವೇ ಇರಬೇಕು ಬಿಡು" ಎಂದು ಹೊಂಬಾಳಮ್ಮ ಹೊರಟಳು. ಮೆಟ್ಟಿಲಿಳಿದು ತಿರುಗಿ, "ಬೆಳಿಗ್ಗೆ ಎದ್ದ ತಕ್ಷಣ ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕ್ಕೊ. ಪಿತ್ತಕ್ಕೆ ಒಳ್ಳೇದು" ಅಂದಳು. ಹುರಿಗಡಲೆಯಿಂದ ನಿಜಕ್ಕೂ ಸ್ವಲ್ಪ ತಡೆಯಿತು.

ಇದಾದ ಮೇಲೆ ಒಂದು ಬೆಳಿಗ್ಗೆ ವನಜಾಕ್ಷಿ ಅಂಗಡಿಗೆ ಬಂದಳು. ಐವತ್ತು ಗ್ರಾಂ ಪುಡಿ ಬೇಕು ಅಂದಳು. ನನಗೆ ಆಶ್ಚರ್ಯವಾಯಿತು, ಅವರ ಮನೆಯಲ್ಲಿ ಕಾಫಿ ಕುಡಿಯುವವರಿಲ್ಲ, ಗಂಡಹೆಂಡಿರಿಬ್ಬರೂ ರಾಗಿ ಗಂಜಿಯವರು. ಕಟ್ಟಿ ಕೊಟ್ಟೆ. ಅವಳು ಬೀದಿಗಿಳಿದು ಲೈಟು ಕಂಬದವರೆಗೆ ಹೋಗಿ ತಿರುಗಿ ನಿಂತಳು. ನಾನು ಆಗಲೇ ಚರಂಡಿಗೆ ಬಗ್ಗಿದ್ದೆ. ಅವಳು ವಾಪಸು ಬಂದಳು, ನಾನು ನೆಟ್ಟಗಾದೆ. ಅವಳು ಮತ್ತೆ ಕಂಬದವರೆಗೆ ಹೋದಳು. ನಾನು ಮತ್ತೆ ಬಗ್ಗಿದೆ. ಅವಳು ಮತ್ತೆ ಬಂದು ನನ್ನೆದುರು ನಿಂತಾಗ ಇಬ್ಬರಿಗೂ ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ದಿಂಬು ತಂದ ದಿನಾನೇ ನಿಮ್ಮ ಮುಖ ನೋಡಿ ಅನುಮಾನ ಬಂತು ಮಾವ. ಯಾರಿಗಾದ್ರೂ ಹೇಳಿದೀರಾ?"

"ದೇವೀರಿ ಬಿಟ್ರೆ ಯಾರಿಗೂ ಇಲ್ಲ ಕಣವ್ವ."

"ಅವರಿಗೂ ಹೇಳಬೇಡಿ." ಅವರು ಅಂದರೆ ಅವಳ ಗಂಡ. "ಹೋದ್ಸಲ ಪುಟ್ಟದೊಂದು ಹಾಸಿಗೆ ಹೊಲಿದಿದ್ರು. ಆಮೇಲೆ ಒಬ್ರೇ ಕೂತ್ಕೊಂಡು ಹೊಲಿಗೆ ಬಿಚ್ಚಿ, ಹತ್ತಿನೆಲ್ಲ ಮತ್ತೆ ಮೂಟೆಗೆ ಹಾಕಿದ್ರು. ನಾನು ಬಾಗಿಲ ಸಂದಿಯಿಂದ ನೋಡ್ದೆ."

ಎರವಲಿನಲ್ಲಿ ಕಣ್ಣೀರಿಗೆ ಬರವಿಲ್ಲ, ಧಾರಾಳವಾಗಿ ಅತ್ತೆ. ಅವಳೇ ನನ್ನನ್ನು ಸಮಾಧಾನ ಮಾಡಿ ಹೋದಳು.

ಅಲ್ಲಿಂದ ಅವಳು ದಿನಾ ಬೆಳಿಗ್ಗೆ ಬರತೊಡಗಿದಳು. ಐವತ್ತು ಗ್ರಾಂ ಪುಡಿ. ನಾನು ಇನ್ನೂ ಒದ್ದಾಡುತ್ತಿದ್ದೇನೋ ಇಲ್ಲವೋ ಎಂದು ದೂರದಿಂದ ನೋಡಿಕೊಂಡೇ ಹತ್ತಿರ ಬರುವಳು. ನನ್ನ ಬಿಳಿಚಿಕೊಂಡ ಮುಖ ಕಂಡರೆ ಅವಳ ಮುಖ ಬೆಳಗುತ್ತಿತ್ತು. ಇನ್ನೊಬ್ಬರ ವಾಂತಿಯನ್ನು ಅಷ್ಟು ಪ್ರೀತಿಯಿಂದ ನೋಡಿದವರನ್ನು ನಾನು ಕಂಡಿಲ್ಲ. ದೇವೀರಿ ಅವಳಿಗೊಂದು ಸ್ಟೂಲು ಹಾಕುವಳು. ಅವಳು ಕೂತಿರುವಷ್ಟು ಹೊತ್ತು ನನಗೆ ಕಾಫಿ ಮತ್ತೆ ಕಾಫಿಯಾಗಿರುತ್ತಿತ್ತು. ಆ ಹೊತ್ತಿನಲ್ಲೇ ನಾನು ಅವಳ ಪಕ್ಕದಲ್ಲೇ ಕೂತು, ದೇವೀರಿ ತಂದ ಬೀಜ ಮೂಸಿ, ಚಿಕೋರಿಯ ಅಳತೆ ಹೇಳಿ, ನಾಲ್ಕು ಇಡ್ಲಿಯನ್ನೂ ನುಂಗಿಕೊಳ್ಳುತ್ತಿದ್ದೆ. ಹಾಸಿಗೆ ಹೊರುವುದನ್ನು ಅವಳು ಬಿಟ್ಟಿದ್ದಳು. ಗಂಡ ಕೇಳಿದರೆ ಕತ್ತು ಉಳುಕಿದೆ ಎನ್ನುತ್ತಿದ್ದಳಂತೆ. ಆ ದಿನಗಳಲ್ಲಿ ಅವಳ ಮೇಲೆ ನನಗೆ ಸ್ವಂತ ಮಗಳ ಮೇಲಿದ್ದಷ್ಟೇ ಅಕ್ಕರೆ ಹುಟ್ಟಿತು. ಅವಳ ಹೊಟ್ಟೆಯಲ್ಲಿದ್ದುದರ ಮೇಲಂತೂ ಅದಕ್ಕಿಂತ ಹೆಚ್ಚು. ನನ್ನನ್ನು ಅಷ್ಟು ಗೋಳುಹೊಯ್ದುಕೊಂಡದ್ದು ನನ್ನ ಬದುಕಿನಲ್ಲಿ ಬೇರೆ ಯಾವುದೂ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಎದ್ದೆ, ಮೈ ಹಗುರಾಗಿತ್ತು. ಒಳಗೆ ದೇವೀರಿ ಡ್ರಮ್ಮು ತಿರುಗಿಸುತ್ತಿದ್ದಳು. ಹೊಗೆ ನಡುಮನೆಯವರೆಗೆ ಬಂದಿತ್ತು. ನಾನು ಉಸಿರೆಳೆದುಕೊಂಡೆ. ಎಂಥ ಪರಿಮಳ! "ಇಳಿಸೇ, ಹದ ಮೀರ್ತಾ ಇದೆ!" ಎಂದು ಹಾಸಿಗೆಯಿಂದಲೇ ಕೂಗಿದೆ.

ಡ್ರಮ್ಮಿನ ಸದ್ದು ನಿಂತಿತು. ದೇವೀರಿ ಬಾಗಿಲಲ್ಲಿ ಬಂದು ನಿಂತಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆಗ ನನಗೂ ತಿಳಿಯಿತು.

"ಹಸಿವಾಗ್ತಿದೆಯಾ?" ಎಂದು ಕೇಳಿದಳು.

ಸುಳ್ಳು ಹೇಳೋಣವೆಂದರೆ ಹೊಟ್ಟೆ ಗುರ್ರೆಂದಿತು.

ಮೂರು ತಿಂಗಳು ತುಂಬಿತೇ, ತುಂಬಲಿಲ್ಲವೇ? ಲೆಕ್ಕ ಯಾರಿಗೂ ಗೊತ್ತಿಲ್ಲ. ವಾಕರಿಕೆ ಶುರುವಾದದ್ದು ಗೊತ್ತು, ಬಸುರಾದದ್ದು ಯಾವಾಗಲೋ. ತುಂಬಿದ್ದರೆ ಶುಭ. ತುಂಬಿರದಿದ್ದರೆ ಇದು ದೇವೀರಿಯ ಬೆಣ್ಣೆ ರೊಟ್ಟಿ. ಎರಡೂ ಹೊರಗಿನಿಂದ ಒಂದೇ ಥರ. ಇನ್ನು ವನಜಾಕ್ಷಿಗೆ ಮಿಸುಕಾಟ ತಿಳಿಯುವವರೆಗೆ, ಅಥವಾ ಮತ್ತೊಂದು ಆಗುವವರೆಗೆ, ಹೇಳಬಲ್ಲವರು ಯಾರೂ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವಳು ಲೈಟು ಕಂಬದ ಹತ್ತಿರ ಬಂದು ನನ್ನನ್ನು ನೋಡುತ್ತಾಳೆ. ನಾನು ಚೆನ್ನಾಗಿರುವುದನ್ನು ಕಂಡರೆ ಅವಳ ಜೀವ ಅಲ್ಲೇ ಅರ್ಧ ಹೋಗುತ್ತದೆ. ಅದನ್ನು ಯೋಚಿಸಿ ನಾನು ಮುಖವನ್ನೂ ತೊಳೆಯದೆ, ನಿಂಬೆಹಣ್ಣು ಹಿಡಿದು ಕಟ್ಟೆಗೆ ಹೋಗಿ ಕೂತೆ. ಅವಳು ಬಂದಳು. ನಾನು ಚರಂಡಿಗೆ ಬಗ್ಗಿ ಜೋರಾಗಿ ವ್ಯಾಕ್ ಅಂದೆ. ಅವಳು ಕಟ್ಟೆಯ ಹತ್ತಿರ ಬಂದಾಗ ಇನ್ನೂ ಜೋರಾಗಿ ಅಂದೆ, ಕಣ್ಣಲ್ಲಿ ನೀರು ಬರುವ ಹಾಗೆ. ಅವಳು ಒಂದು ಗಳಿಗೆ ಕಂಬದ ಹಾಗೆ ನಿಂತಳು. ಆಮೇಲೆ ಎಂದಿನಂತೆ, "ಐವತ್ತು ಗ್ರಾಂ ಕೊಡಿ ಮಾವ" ಅಂದಳು. "ಇನ್ನೂ ಬಿಟ್ಟಿಲ್ವಾ ನಿಮಗೆ ಪಿತ್ತ?"

"ಎಲ್ಲಿ ಬಿಡುತ್ತೆ ಕಣವ್ವ" ಅಂದೆ. ನನ್ನ ನಟನೆಗೆ ನಾನೇ ಮೆಚ್ಚಿದೆ.

ಮಾರನೆಯ ದಿನವೂ ಮಾಡಿದೆ. ಅದರ ಮಾರನೆಯ ದಿನ ದೇವೀರಿ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡಿದಳು. ವನಜಾಕ್ಷಿ ಅತ್ತ ಹೋದ ಮೇಲೆ ಬಂದು ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಮಂಕು ಗಂಡಾ! ಅವಳು ಹತ್ರ ಬಂದ್ರೆ ನಿಲ್ಲಬೇಕಲ್ರೀ ನಿಮ್ಮ ವಾಕರಿಕೆ! ನೀವು ಅವಳ ಕಾಲ ಹತ್ರ ಬಗ್ಗಿ ವ್ಯಾಕ್ ಅಂತಿದೀರಲ್ಲ!"

ನನ್ನ ಕೈಯಿಂದ ನಿಂಬೆಹಣ್ಣು ಬಿದ್ದು ಉರುಳಿಹೋಯಿತು. ಎರವಲು ಏನೆಂದು ಹುಟ್ಟಿದಾಗಿನಿಂದ ಕಂಡವನು, ಕಂಪೌಂಡರನಿಗೆ ಪಾಠ ಹೇಳುವಷ್ಟು ತಿಳಿದವನು, ಇಷ್ಟು ದೊಡ್ಡದನ್ನು ಮರೆತಿದ್ದೆ. ಅಂದರೆ ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ನನ್ನ ವಾಕರಿಕೆ ಹೋಗಿದೆ, ನಾನು ನಾಟಕ ಆಡುತ್ತಿದ್ದೇನೆ, ಎಲ್ಲ ಗೊತ್ತಾಗಿತ್ತು. ಆದರೂ ಪುಡಿ ತೆಗೆದುಕೊಂಡು, ಪಿತ್ತ ಬಿಟ್ಟಿಲ್ಲವೇ ಎಂದು ಕೇಳಿ ಹೋಗಿದ್ದಳು. ನಾಚಿಕೆಗಿಂತ ಹೆಚ್ಚಾಗಿ ನನಗೆ ಭಯವಾಯಿತು. ಮನೆಗೆ ಹೋಗಿ ಆ ಹುಡುಗಿ ಒಬ್ಬಳೇ ಹೇಗೆ ಕೂತಿರುತ್ತಾಳೆ?

ಮರುದಿನ ಅವಳು ಬಂದಾಗ ನನಗೆ ಬಗ್ಗುವುದೋ ನೆಟ್ಟಗಿರುವುದೋ ತಿಳಿಯದೆ ನಡುವೆ ಎಲ್ಲೋ ನಿಂತಿದ್ದೆ. ಅವಳು ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡಿದಳು.

"ಯಾಕೆ ಮಾವ, ಇವತ್ತು ವಾಂತಿ ಇಲ್ವಾ?"

"ಅವ್ವಾ, ನಾನು..."

"ಮಾಡಿ ಮಾವ" ಅಂದಳು. "ನೀವು ಮೊನ್ನೆ ಮಾಡಿದಾಗ ಇಲ್ಲಿಂದ ಅಳ್ತಾ ಹೋದೆ. ಕಂಬದ ಹತ್ರ ಹೋಗೋಷ್ಟರಲ್ಲಿ ನೀವು ಬಗ್ಗಿದ ರೀತಿ ನೆನಪಾಗಿ ನಗು ಬಂತು. ಮನೇಲೂ ನಕ್ಕೆ. ಈಗ ನನಗೆ ಮಾಡಕ್ಕೆ ಏನೂ ಇಲ್ಲ ಮಾವ, ಕಾಯೋದು ಬಿಟ್ಟು. ದಿನಕ್ಕೊಂದು ಸಲ ನಗಾಡಿದ್ರೆ ಕಾಯಬಹುದು."

ಪಕ್ಕದೂರಿನ ಡಾಕ್ಟರಮ್ಮನಿಗೆ ತೋರಿಸಬಾರದೇ ಎಂದು ದೇವೀರಿ ಮೆಲ್ಲಗೆ ಕೇಳಿದಳು. ವನಜಾಕ್ಷಿ ತಲೆಯಾಡಿಸಿದಳು. "ಹೋಗ್ತೀನಿ ಅತ್ತೆ. ಹೋಗಲ್ಲ ಅಂತಲ್ಲ. ಹೋದ್ಸಲ ಅವರ ಬಾಗಿಲ ಬೆಂಚಿನ ಮೇಲೆ ಕೂತಿದ್ದೆ, ಡಾಕ್ಟರಮ್ಮ ಹೊರಗೆ ಬಂದು ಇಲ್ಲ ಅಂತ ಹೇಳಿದ್ರು. ಆ ಬೆಂಚಿಗೆ ಹೋಗಕ್ಕೆ ಕಾಲು ಏಳ್ತಾ ಇಲ್ಲ. ಇದಾಗೇ ಮಿಸುಕಿ ನನ್ನ ಕರೀಲಿ, ಆಮೇಲೆ ನೀವೇ ಕರ್ಕೊಂಡ್ ಹೋಗಿ."

ದೇವೀರಿ ಅವಳ ತಲೆ ಸವರಿದಳು. ನಾನು ಎದ್ದು ಚರಂಡಿಗೆ ಹೋಗಿ, ನನ್ನ ತಾತನ ಕಾಲದಿಂದ ಯಾರೂ ಮಾಡಿರದಂಥ ಒಂದು ವಾಂತಿ ಮಾಡಿ ತೋರಿಸಿದೆ. ಗಂಟಲು ಕೆರೆದು, ಹ್ಯಾ ಎಂದು, ಕಂಬ ಹಿಡಿದು, ಧೋತರದ ತುದಿಯಲ್ಲಿ ಬೆವರು ಒರೆಸಿ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಟ್ಟೆ ಹಿಡಿದುಕೊಂಡದ್ದು ನೆನಪಾಗಿ ಗಾಬರಿಯಿಂದ ಕೈ ತೆಗೆದಳು. ಅಲ್ಲಿಂದ ಮುಂದೆ ದಿನವೂ ಇದೇ. ಹೊಟ್ಟೆ ಹಸಿದು ಪ್ರಾಣ ಹೋಗುತ್ತಿದ್ದರೂ ಗಿರಾಕಿಗಳ ಮುಂದೆ ತಿನ್ನುವಂತಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಮುದ್ದೆ ನುಂಗಿ, ಹೊರಗೆ ಬಂದು ಸಂಕಟಪಡುತ್ತಿದ್ದೆ. ಅವಳು ನಗುವಳು, ನಾನು ನಗಿಸುವೆನು, ಅವಳು ಹೋದ ಮೇಲೆ ನಾನೂ ದೇವೀರಿಯೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಬರಲಿಲ್ಲ.

ಇನ್ನೇನು ಬಂದಾಳು ಎಂದು ಕಾದೆ. ಹಾಲಿನವನು ಬಂದುಹೋದ. ಶಾಲೆಯ ಮಕ್ಕಳು ಹೋದವು. ಗಿರಾಕಿಗಳು ಕೇಳಿದ್ದೊಂದು, ನಾನು ಕೊಟ್ಟದ್ದೊಂದು. ಹೋಗಿ ನೋಡಿ ಬರುತ್ತೇನೆಂದು ಎದ್ದರೆ ದೇವೀರಿ ನನ್ನ ಕೈ ಹಿಡಿದು ಕೂರಿಸಿದಳು. "ಹೇಳೋ ಹಾಗಿದ್ರೆ ಬಂದು ಹೇಳ್ತಾಳೆ. ಹೇಳೋ ಹಾಗಿಲ್ದಿದ್ರೆ ನಾವು ಹೋಗಿ ಕೇಳೋದು ಬೇಡ." ಹಾಗೆ ಹೇಳಿದವಳೇ ಹುರಿಯುತ್ತಿದ್ದ ಬೀಜವನ್ನು ಇದ್ದಿಲು ಮಾಡಿದಳು. ನಮ್ಮಿಬ್ಬರಿಗೂ ಅದರ ವಾಸನೆ ತಿಳಿಯಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಬಂದಳು. ನಿಧಾನವಾಗಿ ನಡೆದು ಬಂದು ಹೊಸ್ತಿಲಲ್ಲಿ ನಿಂತಳು. ಮುಖದಲ್ಲಿ ಏನಿದೆಯೆಂದು ನನಗೆ ಓದಲಾಗಲಿಲ್ಲ. ಭಯದಲ್ಲಿ ಬೇರೇನೂ ತೋಚದೆ ನಾನು ಚರಂಡಿಗೆ ಬಗ್ಗಿದೆ.

"ಮಾವ, ಒಂದು ಗಳಿಗೆ ಸುಮ್ನಿರಿ."

ನಾನು ಬಗ್ಗಿದವನು ಹಾಗೆಯೇ ಇದ್ದೆ. ಅವಳು ಹೊಕ್ಕುಳ ಕೆಳಗೆ ಅಂಗೈ ಇಟ್ಟುಕೊಂಡು, ದೂರದಲ್ಲಿ ಯಾರೋ ಕರೆಯುತ್ತಿರುವುದನ್ನು ಕೇಳಿಸಿಕೊಳ್ಳುವವಳ ಹಾಗೆ ನಿಂತಿದ್ದಳು.

"ಬೆಳಿಗ್ಗೆ ಒಂದ್ಸಲ ಆಯ್ತು. ಗಾಳಿ ಇರಬೇಕು ಅಂದ್ಕೊಂಡೆ. ಇನ್ನೊಂದ್ಸಲ ಆಗ್ಲಿ ಅಂತ ಅಲ್ಲಾಡ್ದೆ ಕೂತಿದ್ದೆ. ಆಯ್ತು. ಬರ್ತಾ ದಾರೀಲೂ ಆಯ್ತು. ಹತ್ತಿ ಮೂಟೇಲಿ ಇಲಿಮರಿ ಸೇರ್ಕೊಂಡು ಓಡಾಡ್ತಾವಲ್ಲ ಅತ್ತೆ, ಹಂಗೆ. ಈಗ... ಈಗ ಮತ್ತೆ."

ದೇವೀರಿಯ ಕೈಯಿಂದ ಪುಡಿಯ ಚಮಚ ಬಿತ್ತು. ಅವಳು ವನಜಾಕ್ಷಿಯನ್ನು ತಬ್ಬಿಕೊಂಡು ಅಳುವುದಕ್ಕೆ ತೊಡಗಿದಳು. ವನಜಾಕ್ಷಿ ಅವಳ ಹೆಗಲ ಮೇಲಿನಿಂದ ನನ್ನನ್ನು ನೋಡಿ, "ಹೇಳಿ ಮಾವ, ಈಗ ಹೇಳಿ. ಮೊದಲು ಅವರಿಗೆ ಹೇಳಿ. ನನ್ನ ಬಾಯಿ ಹೊರಡ್ತಾ ಇಲ್ಲ" ಅಂದಳು.

ನಾನು ಓಡಿದೆ. ಅರವತ್ತರ ಹತ್ತಿರ ಬಂದವರು ಓಡಬಾರದೆಂದು ಕಂಪೌಂಡರ್ ಹೇಳುತ್ತಿರುತ್ತಾನೆ. ಅವನ ಜಗಲಿಯ ಮುಂದೆಯೇ ಓಡಿದೆ. ಶಿವಲಿಂಗು ಹತ್ತಿ ಹಿಂಜುತ್ತಿದ್ದ. ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ನನಗಿಂತ ಮುದುಕನ ಹಾಗೆ ಕಾಣುತ್ತಿದ್ದ. ನನ್ನನ್ನು ಕಂಡು ಅವನ ಕೈಯ ಹತ್ತಿ ಹಿಂಜುವ ಬಿಲ್ಲು ನಿಂತಿತು. "ಹೇಳಿ ಮಾವ" ಅಂದ. ಯಾವ ಮಾತಿಗೂ ಸಿದ್ಧನಾಗಿದ್ದವನ ದನಿ ಅದು.

"ಮಿಸುಕ್ತಂತೆ ಕಣೋ."

ಅವನು ಹಾಗೇ ಹತ್ತಿಯ ರಾಶಿಯ ಮೇಲೆ ಕುಸಿದು ಕೂತ. ಒಂದಷ್ಟು ಹತ್ತಿ ಮೇಲೆದ್ದು ನಮ್ಮಿಬ್ಬರ ಮೇಲೂ ಬಿತ್ತು. "ಮಿಸುಕ್ತಾ" ಎಂದು ಕೇಳಿದ. "ಮಿಸುಕ್ತಾ ಮಾವ?" ಎಂದು ಮತ್ತೆ ಕೇಳಿದ. ಯಾರು, ಏನು ಎಂದು ಕೇಳಲಿಲ್ಲ.

"ನಿನಗೆ ಗೊತ್ತಿತ್ತೇನೋ?"

"ಮನೇಲಿ ಕಾಫಿ ಕುಡಿಯೋರಿಲ್ಲ. ದಿನಾ ಪುಡಿ ಬರ್ತಾ ಇದೆ. ಡಬ್ಬ ಎಲ್ಲಾ ತುಂಬಿ ಈಗ ದಿಂಬಿನ ಚೀಲಕ್ಕೆ ತುಂಬ್ತಾ ಇದಾಳೆ. ನಾನೇನು ಅಷ್ಟು ದಡ್ಡನಾ ಮಾವ?" ಕಣ್ಣೊರೆಸಿಕೊಂಡ, ಹತ್ತಿ ಕಣ್ಣಿಗೆ ಅಂಟಿತು. "ನನಗೆ ಗೊತ್ತು ಅಂತ ಗೊತ್ತಾದ್ರೆ ಇನ್ನೂ ಹೆದರ್ತಾಳೆ ಅಂತ ಸುಮ್ನಿದ್ದೆ."

ನಾವಿಬ್ಬರೂ ಅಂಗಡಿಗೆ ಬರುವಷ್ಟರಲ್ಲಿ ಅಲ್ಲಿ ಆಗಲೇ ಜನ ಸೇರಿತ್ತು. ನಾನು ಇನ್ನೂ ಯಾರಿಗೂ ಕೂಗಿ ಹೇಳಿರಲಿಲ್ಲ. ಹೊಂಬಾಳಮ್ಮ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಕಂಪೌಂಡರನ ಹೆಂಡತಿ ಇದ್ದಳು, ನಲ್ಲಿಯ ಹತ್ತಿರ ನೀರು ಹಿಡಿಯುವವರೆಲ್ಲ ಇದ್ದರು. ಇಷ್ಟು ದಿನ ನಾವು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದದ್ದು. ನೋಡದೆ ಇದ್ದವರು ಒಬ್ಬರೂ ಇರಲಿಲ್ಲ. ಒಂದು ಸೀನು ಸೀನಿದರೆ ಬೀದಿಯ ಎರಡೂ ತುದಿಗೆ ಸುದ್ದಿ ಮುಟ್ಟಿಸುವ ಈ ಜನ, ಅಷ್ಟು ದಿನ ಹೇಗೆ ಬಾಯಿ ಮುಚ್ಚಿಕೊಂಡಿದ್ದರೋ ನಾನರಿಯೆ. ಅವರೆಲ್ಲರ ಮೇಲೆ ನನಗೆ ಆ ಕ್ಷಣ ಪ್ರೀತಿ ಉಕ್ಕಿಬಂತು, ಕಂಪೌಂಡರನ ಮೇಲೂ.

ವನಜಾಕ್ಷಿ ಸ್ಟೂಲಿನ ಮೇಲೆ ಕೂತು ಸುತ್ತಲೂ ನೋಡಿದಳು. ಗಂಡನ ಮುಖ ನೋಡಿದಳು. "ಎಲ್ರಿಗೂ ಗೊತ್ತಿತ್ತಾ?" ಎಂದು ಸಿಟ್ಟಿನಲ್ಲೇ ಕೇಳಿದಳು.

"ಹೇಳಬೇಡಿ ಅಂದಿದ್ದೆ ನೀನು. ನಾವು ಹೇಳ್ಲಿಲ್ಲ" ಅಂದಳು ಹೊಂಬಾಳಮ್ಮ. "ತಿಳ್ಕೋಬೇಡಿ ಅಂತ ನೀನು ಅಂದಿರ್ಲಿಲ್ವಲ್ಲ ಮಗ." ಹಣೆಗೆ ಕುಂಕುಮ ಇಟ್ಟಳು.

ಆಗ ವನಜಾಕ್ಷಿ ಅತ್ತಳು. ಇಷ್ಟು ದಿನ ಕಂಬದಿಂದ ಕಟ್ಟೆಯವರೆಗೆ ನುಂಗಿಕೊಂಡು ಬಂದದ್ದನ್ನೆಲ್ಲ ಒಂದೇ ಸಲ, ದೊಡ್ಡ ದನಿ ತೆಗೆದು, ಮೂಗು ಬಾಯಿ ಒಂದಾಗುವ ಹಾಗೆ ಅತ್ತಳು. ಯಾರೂ ಅಳಬೇಡ ಅನ್ನಲಿಲ್ಲ. ಶಿವಲಿಂಗು ಅವಳ ಪಾದದ ಹತ್ತಿರ ಕೂತು, ಅವಳ ಸೀರೆಯ ಮೇಲಿನ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸುತ್ತಿದ್ದ. ಅವನ ಮೈಯಿಂದಲೇ ಮತ್ತಷ್ಟು ಎಳೆಗಳು ಅವಳ ಮೇಲೆ ಉದುರುತ್ತಿದ್ದವು.

ಅಳು ಮೆಲ್ಲಗೆ ಇಳಿಯಿತು. ಹೊಂಬಾಳಮ್ಮ ಬಗ್ಗಿ, "ಏನಾಗ್ತಿದೆ ಮಗ? ಹೊಟ್ಟೆ ಹಿಡ್ಕೊಳ್ತಾ?" ಎಂದು ಕೇಳಿದಳು.

ವನಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಕೆನ್ನೆ ಎಷ್ಟು ಬತ್ತಿಹೋಗಿದೆಯೆಂದು ನಾನು ನೋಡಿದ್ದು ಆಗಲೇ. ಹೆದರಿಕೆಯಲ್ಲಿ ಅವಳು ಎಷ್ಟು ದಿನದಿಂದ ಸರಿಯಾಗಿ ತಿಂದಿರಲಿಲ್ಲವೋ.

"ಹಸಿವಾಗ್ತಿದೆ" ಅಂದಳು.

ಆ ಮಾತು ಮುಗಿಯುವ ಮೊದಲೇ ಬೀದಿ ಬರಿದಾಯಿತು. ಎಲ್ಲರೂ ಅವರವರ ಅಡುಗೆಮನೆಗೆ ಓಡಿದ್ದರು. ಎಲ್ಲರಿಗಿಂತ ಮೊದಲು ಓಡಿದವಳು ನನ್ನ ದೇವೀರಿ. ಬಿಸಿ ರೊಟ್ಟಿಯ ತಟ್ಟೆಯೊಡನೆ ಅವಳು ಹೊರಗೆ ಬಂದಾಗ ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು.